ಏನು ತಿಂದಿದ್ದರಂತೆ ಎಂದು ಕೇಳುವ ನೆಂಟರಿಷ್ಟರಿಗೆ

ಕ್ಯಾನ್ಸರ್ ಬಂದವರ ಮನೆಗೆ, ವಾರ್ಡಿಗೆ, ನೋಡಿಕೊಂಡು ಹೋಗಲು ಬರುವ ಎಲ್ಲ ಬಂಧುಗಳಿಗೆ, ನೆರೆಹೊರೆಯವರಿಗೆ, ಆಫೀಸಿನ ಗೆಳೆಯರಿಗೆ,

ನೀವು ಬರುವುದು ಪ್ರೀತಿಯಿಂದ. ಅದರಲ್ಲಿ ನನಗೆ ಅನುಮಾನವಿಲ್ಲ. ಕೆಲಸಕ್ಕೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಮೋಸಂಬಿ ಚೀಲ ಹಿಡಿದು, ಗೇಟಿನ ಹತ್ತಿರ ಪಾಸಿಗಾಗಿ ಕಾದು ಒಳಗೆ ಬರುತ್ತೀರಿ. ರೋಗಿಯ ಕೈ ಹಿಡಿದು ಧೈರ್ಯ ಹೇಳುತ್ತೀರಿ. ಆಮೇಲೆ ಕಾರಿಡಾರಿಗೆ ಬಂದು, ದನಿ ತಗ್ಗಿಸಿ, ಮನೆಯಾಕೆಯನ್ನು ಕೇಳುತ್ತೀರಿ: ‘ಏನ್ ತಿಂತಿದ್ರು? ಹೊರಗಡೆ ಊಟ ಜಾಸ್ತಿ ಇತ್ತಾ? ಮನೇಲಿ ಯಾವ ಎಣ್ಣೆ ಬಳಸ್ತಿದ್ರಿ?’

ಆ ಪ್ರಶ್ನೆಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿ ದುಡಿದು ನಿವೃತ್ತಳಾದವಳು. ರೋಗಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಚಾರ್ಟ್ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಚಾರ್ಟ್ ಬರೆಯಲು ಹತ್ತು ನಿಮಿಷ ಸಾಕು. ನಿಮ್ಮ ಪ್ರಶ್ನೆ ಕೇಳಿಸಿಕೊಂಡು ಕುಗ್ಗಿಹೋದ ಹೆಂಗಸರನ್ನು ಸಮಾಧಾನ ಮಾಡಲು ಅದರ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತಿತ್ತು.

ಮಂಡ್ಯದ ಕಡೆಯ ಒಬ್ಬಾಕೆಯ ಮುಖ ಇನ್ನೂ ಕಣ್ಣ ಮುಂದಿದೆ. ಗಂಡನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್; ಪತ್ತೆಯಾಗುವ ಹೊತ್ತಿಗೆ ಲಿವರಿಗೆ ಹರಡಿತ್ತು. ಆಕೆ ಬಂದದ್ದು ಊಟದ ಪಟ್ಟಿ ಕೇಳಲು ಅಂದುಕೊಂಡೆ. ಸೆರಗಿನ ಗಂಟಿನಿಂದ ದಿನಸಿ ಅಂಗಡಿಯ ಹಳೆಯ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ‘ಬೋಂಡ ಕರಿದ ಎಣ್ಣೇನೇ ಮಾರನೇ ದಿನ ಒಗ್ಗರಣೆಗೆ ಹಾಕ್ತಿದ್ದೆ ಮೇಡಂ. ನಾದಿನಿ ಹೇಳಿದ್ರು, ಅದಕ್ಕೇ ಬಂದಿದ್ದು ಅಂತ. ಹೌದಾ?’ ಗಂಡ ಹರೆಯದಿಂದ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ನೋಡಲು ಬಂದವರಲ್ಲಿ ಒಬ್ಬರೂ ಅದರ ವಿಷಯ ಎತ್ತಿರಲಿಲ್ಲ. ಎತ್ತಬೇಕಾದ ಇಬ್ಬರು ಮೂವರ ಬಾಯಲ್ಲೂ ಅದೇ ಇತ್ತು.

ಕಾಯಿಲೆಗೂ ಊಟಕ್ಕೂ ನಂಟೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ನಂಟಿದೆ. ಅದು ಎಲ್ಲಿದೆ, ಎಷ್ಟಿದೆ ಎಂಬುದನ್ನು ನೀವು ತಿಳಿದುಕೊಂಡರೆ ಆ ಪ್ರಶ್ನೆಯನ್ನು ಕಾರಿಡಾರಿನಲ್ಲಿ ಕೇಳುವುದನ್ನು ನೀವಾಗಿಯೇ ಬಿಡುತ್ತೀರಿ. ಮನೆಗೆ ಹೋಗಿ ನಿಮ್ಮನ್ನೇ ಕೇಳಿಕೊಳ್ಳುತ್ತೀರಿ ಎಂಬ ನಂಬಿಕೆ ನನ್ನದು.

ಮೊದಲು ಪ್ಯಾಂಕ್ರಿಯಾಸ್ ಎಂಬ ಆ ಅಂಗದ ಬಗ್ಗೆ ಎರಡು ಮಾತು. ಕನ್ನಡ ಪಠ್ಯಪುಸ್ತಕದಲ್ಲಿ ಮೇದೋಜ್ಜೀರಕ ಗ್ರಂಥಿ ಎಂದು ಓದಿದ್ದೀರಿ. ಜಠರದ ಹಿಂದೆ, ಬೆನ್ನುಮೂಳೆಗೆ ಅಂಟಿದಂತೆ ಅಡ್ಡಡ್ಡ ಮಲಗಿರುತ್ತದೆ. ಉದ್ದ ಒಂದು ಗೇಣಿಗಿಂತ ತುಸು ಕಡಿಮೆ, ತೂಕ ನೂರು ಗ್ರಾಂ ಆಸುಪಾಸು. ಅನ್ನ, ಬೇಳೆ, ಎಣ್ಣೆ ಎಲ್ಲವನ್ನೂ ಒಡೆದು ಅರಗಿಸುವ ರಸ ಅಲ್ಲೇ ತಯಾರಾಗುತ್ತದೆ. ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ನೂ ಅಲ್ಲಿಯದೇ. ಕೈಯಿಂದ ಒತ್ತಿ ನೋಡಿದರೆ ಸಿಗದಷ್ಟು ಒಳಗಿರುವುದರಿಂದ ಗೆಡ್ಡೆ ಬೆಳೆದರೂ ಬಹಳ ದಿನ ಸುಳಿವು ಕೊಡುವುದಿಲ್ಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತೆಂದೂ ಅದೇ ವರ್ಷ ಸುಮಾರು 4.67 ಲಕ್ಷ ಜನ ಇದರಿಂದ ತೀರಿಕೊಂಡರೆಂದೂ ಅಂದಾಜು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಡಾಕ್ಟರುಗಳು ಈ ಹೆಸರು ಹೇಳುವಾಗ ಯಾಕೆ ತಡವರಿಸುತ್ತಾರೆ ಎಂಬುದು ಅರ್ಥವಾದೀತು.

ನಮ್ಮ ದೇಶದಲ್ಲಿ ಇದು ಅಪರೂಪವೇ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರು. ಅಮೆರಿಕದಲ್ಲಿ ಹದಿಮೂರರ ಆಸುಪಾಸು. ಇದನ್ನು ಓದಿದ ಕೂಡಲೇ ‘ನಮ್ಮ ಅರಿಶಿನ, ನಮ್ಮ ಸಾರು’ ಎಂದು ಯಾರೋ ಮೆಸೇಜ್ ಮಾಡುತ್ತಾರೆಂದು ನನಗೆ ಗೊತ್ತು. ದಯವಿಟ್ಟು ತಡೆಯಿರಿ. ಇದು ಹೆಚ್ಚಾಗಿ ಇಳಿವಯಸ್ಸಿನ ಕಾಯಿಲೆ, ನಮ್ಮದು ಇನ್ನೂ ಎಳೆಯರು ಹೆಚ್ಚಿರುವ ದೇಶ. ಸ್ಕ್ಯಾನ್ ಕಾಣದೆ, ‘ಹೊಟ್ಟೆನೋವಿನಲ್ಲಿ ಹೋದರು’ ಎಂಬ ಮಾತಿನಲ್ಲೇ ಮುಗಿದುಹೋದ ಸಾವುಗಳೂ ಹಳ್ಳಿಗಳಲ್ಲಿ ಇರಲೇಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ಏನು ತಿಂದಿದ್ದರು’ ಎನ್ನುವಾಗ ನಿಮ್ಮ ಮನಸ್ಸಿನಲ್ಲಿರುವುದು ಕಳೆದ ವರ್ಷ, ಎರಡು ವರ್ಷದ ಊಟ. 2010ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು, ಈ ಕ್ಯಾನ್ಸರಿನಿಂದ ತೀರಿಹೋದವರ ಗೆಡ್ಡೆಗಳಲ್ಲಿ ಸೇರಿಕೊಂಡಿದ್ದ ಜೀನ್ ದೋಷಗಳನ್ನು ಎಣಿಸಿ, ಹಿಂದಕ್ಕೆ ಲೆಕ್ಕ ಹಾಕಿ ನೋಡಿದರು. ಮೊದಲ ದೋಷ ಕಾಣಿಸಿಕೊಂಡ ಜೀವಕೋಶ ಪೂರ್ತಿ ಕ್ಯಾನ್ಸರ್ ಕೋಶವಾಗಲು ಹತ್ತು ವರ್ಷಕ್ಕೂ ಹೆಚ್ಚು, ಅದು ಬೇರೆ ಅಂಗಗಳಿಗೆ ಹರಡುವ ತಾಕತ್ತು ಗಳಿಸಲು ಮತ್ತೆ ಐದು ವರ್ಷ ಬೇಕಾಗಿತ್ತು. ಅಂದರೆ ಇವತ್ತು ವಾರ್ಡಿನಲ್ಲಿ ಮಲಗಿರುವವರ ಮೈಯಲ್ಲಿ ಈ ಕಥೆ ಶುರುವಾದಾಗ ಅವರ ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಬಹುದು. ಹೋದ ದೀಪಾವಳಿಯ ಕಜ್ಜಾಯವನ್ನು ಕಟಕಟೆಗೆ ಎಳೆದು ಏನು ಪ್ರಯೋಜನ?

ಒಂದೇ ಒಂದು ಪದಾರ್ಥವನ್ನು ಅಪರಾಧಿ ಮಾಡುವ ಚಪಲ ನಿಮಗೊಬ್ಬರಿಗೇ ಇರುವುದಲ್ಲ. ದೊಡ್ಡ ದೊಡ್ಡವರೂ ಅದರಲ್ಲಿ ಎಡವಿದ್ದಾರೆ. 1981ರಲ್ಲಿ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹಾನ್ ಮತ್ತು ಸಂಗಡಿಗರು 369 ರೋಗಿಗಳನ್ನು ವಿಚಾರಿಸಿ, ಕಾಫಿ ಕುಡಿಯುವವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಹೆಚ್ಚು ಎಂದು ಪ್ರಕಟಿಸಿದರು. ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ತಪ್ಪು ಎಲ್ಲಿತ್ತು ಗೊತ್ತೇ? ಹೋಲಿಕೆಗೆಂದು ಆರಿಸಿಕೊಂಡ ಇತರ ರೋಗಿಗಳಲ್ಲಿ ಅನೇಕರು ಅದೇ ಹೊಟ್ಟೆ ಡಾಕ್ಟರುಗಳ ಬಳಿ ಹೊಟ್ಟೆಹುಣ್ಣು, ಎದೆಯುರಿಗೆಂದು ಬಂದವರು. ಅವರು ಆ ತೊಂದರೆಯಿಂದಲೇ ಕಾಫಿ ಕಡಿಮೆ ಮಾಡಿದ್ದರು. ಅವರ ಪಕ್ಕದಲ್ಲಿಟ್ಟು ನೋಡಿದರೆ ಮಾಮೂಲು ಕಾಫಿ ಕುಡಿಯುವವರೂ ವಿಪರೀತ ಕುಡಿಯುವವರಂತೆ ಕಂಡರು. ಮುಂದೆ ಅದೇ ತಂಡ ಮತ್ತೆ ಅಧ್ಯಯನ ಮಾಡಿದಾಗ ಆ ನಂಟು ಮೊದಲಿನಂತೆ ಕಾಣಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಷ್ಟೂ ಪುರಾವೆಗಳನ್ನು ಕೂಡಿಸಿ ನೋಡಿ, ಕಾಫಿಯಿಂದ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಚಿಕ್ಕಮಗಳೂರು ಸೀಮೆಯವರು ನಿರಾಳವಾಗಿ ಲೋಟ ಎತ್ತಿಕೊಳ್ಳಬಹುದು. ಸಕ್ಕರೆ ಎಷ್ಟು ಚಮಚ ಎಂಬುದು ಬೇರೆ ಮಾತು.

ನಮ್ಮ ಪಕ್ಕದ ಕೇರಳದ ಕಥೆ ಇದಕ್ಕಿಂತ ಮನ ಕಲಕುವಂಥದ್ದು. ಅಲ್ಲಿ ಬಡ ಮನೆಗಳ ಹುಡುಗರಿಗೆ, ಮೈಯಲ್ಲಿ ಮಾಂಸವೇ ಇಲ್ಲದವರಿಗೆ, ವಿಪರೀತ ಹೊಟ್ಟೆನೋವು, ಪ್ಯಾಂಕ್ರಿಯಾಸ್ ತುಂಬ ಕಲ್ಲು, ಎಳೆ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುತ್ತಿತ್ತು. ಡಾ. ಗೀವರ್ಗೀಸ್ ಅಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿ ದಾಖಲಿಸಿದರು. ಬಡವರ ಮನೆಯಲ್ಲಿ ಅಕ್ಕಿಯ ಬದಲು ಬೇಯುತ್ತಿದ್ದದ್ದು ಮರಗೆಣಸು. ಅದರಲ್ಲಿ ಸಯನೈಡ್ ಅಂಶ ಇರುವುದರಿಂದ ಅನುಮಾನ ಅದರ ಮೇಲೆ ಬಿತ್ತು. 1979ರಲ್ಲಿ ಆ ವಾದ ಅಧ್ಯಯನದ ರೂಪದಲ್ಲೂ ಬಂತು. ಕೇಳಲು ಎಷ್ಟು ಸರಿಯಾಗಿದೆ! ಆದರೆ ಮರಗೆಣಸನ್ನೇ ಉಣ್ಣುವ ಆಫ್ರಿಕದ ಎಷ್ಟೋ ಕಡೆ ಈ ಕಾಯಿಲೆ ಅಷ್ಟಾಗಿ ಇರಲಿಲ್ಲ, ಮರಗೆಣಸು ಮುಟ್ಟದ ಭಾರತೀಯರಲ್ಲಿ ಇತ್ತು. 2000ದ ನಂತರ ಇಂಥ ರೋಗಿಗಳ ದೊಡ್ಡ ಪಾಲಿನಲ್ಲಿ ಸ್ಪಿಂಕ್1 ಎಂಬ ಜೀನಿನ ದೋಷ ಸಿಕ್ಕಿತು. ಪ್ಯಾಂಕ್ರಿಯಾಸ್ ತನ್ನ ಜೀರ್ಣರಸದಿಂದ ತನ್ನನ್ನೇ ಸುಟ್ಟುಕೊಳ್ಳದಂತೆ ತಡೆಯುವುದು ಆ ಜೀನಿನ ಕೆಲಸ. ಅಷ್ಟರಲ್ಲಿ ಎಷ್ಟು ತಾಯಂದಿರು ‘ನಾನು ಬೇಯಿಸಿ ಹಾಕಿದ ಗೆಣಸಿನಿಂದಲೇ’ ಎಂದು ಕಣ್ಣೀರು ಹಾಕಿದ್ದರೋ.

ಇದನ್ನು ಇಷ್ಟು ವಿವರವಾಗಿ ಹೇಳಲು ಇನ್ನೊಂದು ಕಾರಣವಿದೆ. 1994ರಲ್ಲಿ ಮದ್ರಾಸಿನ ಇಂಥ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು. ಸುರೇಶ್ ಚಾರಿ, ವಿ. ಮೋಹನ್ ಮತ್ತು ಇತರರದು. ಈ ಬಗೆಯ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸಿನ ಉರಿಯೂತ) ಇದ್ದವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ನಿಮ್ಮ ಮನೆತನದಲ್ಲಿ ಚಿಕ್ಕಂದಿನಿಂದ ಹೊಟ್ಟೆನೋವು, ‘ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು’ ಎಂದು ಔಷಧ ತೆಗೆದುಕೊಳ್ಳುತ್ತಿರುವವರು ಇದ್ದರೆ ಅವರು ವರ್ಷವರ್ಷವೂ ಹೊಟ್ಟೆ ಡಾಕ್ಟರನ್ನು ಕಾಣುವಂತೆ ನೋಡಿಕೊಳ್ಳಿ. ಅವರ ಮುಂದೆ ಬೀಡಿ ಹಚ್ಚಬೇಡಿ, ಗ್ಲಾಸ್ ಇಡಬೇಡಿ.

ಹಾಗಾದರೆ ತಟ್ಟೆಯ ಪಾಲು ಎಷ್ಟು? ನೇರವಾಗಿ ಹೇಳುತ್ತೇನೆ: ಯಾವ ತಿಂಡಿ ಎನ್ನುವುದಕ್ಕಿಂತ ಸೊಂಟದ ಸುತ್ತಳತೆ ಮುಖ್ಯ. ಮೈಯಲ್ಲಿ ಹೆಚ್ಚುವರಿ ಕೊಬ್ಬು ಇದ್ದವರಿಗೆ ಬರುವ ಸಂಭವ ಹೆಚ್ಚಿರುವ ಹದಿಮೂರು ಬಗೆಯ ಕ್ಯಾನ್ಸರುಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಕೊಟ್ಟಿತು, ಪ್ಯಾಂಕ್ರಿಯಾಸ್ ಅದರಲ್ಲಿದೆ. ತೀರಾ ದಪ್ಪಗಿರುವವರಲ್ಲಿ ಸಂಭವ ಸುಮಾರು ಒಂದೂವರೆ ಪಟ್ಟು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಂದೂವರೆಯಿಂದ ಎರಡು ಪಟ್ಟು. ಹೊಟ್ಟೆಯ ಕೊಬ್ಬು ಹೆಚ್ಚಾದಾಗ ಇನ್ಸುಲಿನ್ ಮಾತು ಕೇಳದ ಮೈಗೆ ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲ, ಕೋಶಗಳಿಗೆ ಬೆಳೆಯಲು ಕುಮ್ಮಕ್ಕನ್ನೂ ಕೊಡುತ್ತದೆ. ಅದು ಹುಟ್ಟುವ ಜಾಗದ ಅಕ್ಕಪಕ್ಕದ ಕೋಶಗಳೇ ಅದರಲ್ಲಿ ಮೊದಲು ಮೀಯುವುದು.

ಅಮೆರಿಕದಲ್ಲಿ 48,835 ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗವೂ ಇದನ್ನೇ ಸೂಚಿಸುತ್ತದೆ. ಜಿಡ್ಡು ಕಡಿಮೆ ಮಾಡಿ, ತರಕಾರಿ, ಹಣ್ಣು, ಧಾನ್ಯ ಹೆಚ್ಚು ತಿನ್ನಲು ಕಲಿಸಿದ ಗುಂಪಿನಲ್ಲಿ, ಮೊದಲೇ ತೂಕ ಹೆಚ್ಚಿದ್ದ ಹೆಂಗಸರಿಗೆ ಮುಂದಿನ ವರ್ಷಗಳಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕಡಿಮೆ ಬಂತು. ತೂಕ ಸರಿಯಿದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಮಾಂಸದ ವಿಷಯವನ್ನೂ ಕೇಳುತ್ತೀರಿ, ಅದರಲ್ಲೂ ತಿನ್ನದವರು ತಿನ್ನುವವರ ಬಗ್ಗೆ. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ದಿನಾ 50 ಗ್ರಾಂ ತಿನ್ನುವವರಲ್ಲಿ ಸಂಭವ ಸುಮಾರು ಶೇ. 19ರಷ್ಟು ಹೆಚ್ಚಿತ್ತು ಎಂದು ಹನ್ನೊಂದು ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆ ಹೇಳುತ್ತದೆ. ದಿನಾ ಎಂಬ ಪದ ಗಮನಿಸಿ. ಇದು ಹೊರದೇಶದಲ್ಲಿ ನೆಲೆಸಿ ಬೆಳಗಿನ ತಿಂಡಿಗೆ ಅದನ್ನೇ ರೂಢಿ ಮಾಡಿಕೊಂಡ ನಮ್ಮ ಮಕ್ಕಳಿಗೆ ಹೇಳಬೇಕಾದ ಮಾತು. ಭಾನುವಾರ ನಾಟಿಕೋಳಿ ಸಾರು, ಮುದ್ದೆ ಉಣ್ಣುವ ಮನೆಯ ಮುಂದೆ ನಿಂತು ಹೇಳಬೇಕಾದದ್ದಲ್ಲ. ಸಂಭವ ಅಪರೂಪದ್ದಿದ್ದಾಗ ಅದರ ಮೇಲಿನ ಶೇಕಡಾವಾರು ಏರಿಕೆ ಎಷ್ಟು ಜನರಾಗುತ್ತದೆ ಎಂದೂ ಲೆಕ್ಕ ಹಾಕಿ: ಲಕ್ಷಕ್ಕೆ ಒಬ್ಬಿಬ್ಬರು ಎನ್ನುವುದು ದುಪ್ಪಟ್ಟಾದರೂ ಇಬ್ಬರಿಂದ ನಾಲ್ವರು.

ತಂಪು ಪಾನೀಯದ ಕಥೆಯೂ ಹೀಗೆಯೇ. ಸಿಂಗಪುರದ ಚೀನೀ ನಿವಾಸಿಗಳನ್ನು ಹದಿನಾಲ್ಕು ವರ್ಷ ಗಮನಿಸಿದಾಗ, ವಾರಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಬಾಟಲಿ ಸಿಹಿ ಸೋಡಾ ಕುಡಿದವರಲ್ಲಿ ಶೇ. 87ರಷ್ಟು ಹೆಚ್ಚು ಎಂದು 2010ರಲ್ಲಿ ಸುದ್ದಿಯಾಯಿತು. ಅರವತ್ತು ಸಾವಿರ ಜನರಲ್ಲಿ ಒಟ್ಟು ಕ್ಯಾನ್ಸರ್ ಬಂದದ್ದು 140 ಮಂದಿಗೆ. ಮುಂದೆ ಬೇರೆ ಬೇರೆ ದೇಶಗಳ ಹದಿನಾಲ್ಕು ಅಧ್ಯಯನಗಳನ್ನು ಸೇರಿಸಿದಾಗ ಆ ಮಟ್ಟದ ನಂಟು ಉಳಿಯಲಿಲ್ಲ. ಆದರೂ ಮನೆಯ ಫ್ರಿಜ್ಜಿನಲ್ಲಿ ಎರಡು ಲೀಟರಿನ ಬಾಟಲಿ ಇಡಬೇಡಿ ಎಂದೇ ನಾನು ಹೇಳುತ್ತೇನೆ. ತೂಕಕ್ಕೂ ಸಕ್ಕರೆ ಕಾಯಿಲೆಗೂ ಅದು ದಾರಿ ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿಂದ ಮುಂದೆ ನನ್ನ ಮಾತು ನಿಮ್ಮ ಬಗ್ಗೆಯೇ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಊಟವನ್ನು ತೀರ್ಮಾನಿಸುವವರು ಅಡುಗೆ ಮಾಡುವವರು ಮಾತ್ರ ಎಂದು ಯಾರು ಹೇಳಿದರು? ಮದುವೆ, ಗೃಹಪ್ರವೇಶ, ಸೀಮಂತ, ತಿಥಿ, ಬೀಗರೂಟ: ವರ್ಷದಲ್ಲಿ ಎಷ್ಟು ಊಟ ನೆಂಟರ ಒತ್ತಾಯದ ಊಟ! ಶುಗರ್ ಇರುವವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಸಂದಿಯಿಂದಲೇ ಹೋಳಿಗೆ ಇಳಿಯುತ್ತದೆ. ‘ಒಂದು ದಿನಕ್ಕೇನಾಗಲ್ಲ ಬಿಡಿ, ಮಾತ್ರೆ ಒಂದು ಜಾಸ್ತಿ ತಗೊಳ್ಳಿ’ ಎನ್ನುವುದು ನಾವೇ. ಎಲೆಯ ತುದಿಗೆ ಒಂದು ಚಮಚ ಕೋಸಂಬರಿ, ಒಂದು ಚಮಚ ಪಲ್ಯ. ನಡುವೆ ಅನ್ನ ಮೂರು ಸಲ, ಸಿಹಿ ಎರಡು ಬಗೆ. 2025ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರಿಗೆ ಸಿಗುವ ಶಕ್ತಿಯಲ್ಲಿ ಶೇ. 62 ಪಿಷ್ಟ–ಸಕ್ಕರೆಯಿಂದಲೇ ಬರುತ್ತದೆ. ಅದೇ ತಂಡದ 2023ರ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ. ನಮ್ಮಲ್ಲಿ ಈ ಕ್ಯಾನ್ಸರ್ ಇಂದು ಅಪರೂಪ ಎಂಬ ಸಮಾಧಾನ ಮುಂದೆಯೂ ಉಳಿಯುತ್ತದೆಯೇ ಎಂಬ ಚಿಂತೆ ನನಗೆ ಬಂದದ್ದು ಈ ಅಂಕಿಗಳನ್ನು ನೋಡಿಯೇ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ನಿಮ್ಮ ಮನೆಯಲ್ಲಿ ಕಾರ್ಯವಾದಾಗ ಅಡುಗೆ ಭಟ್ಟರಿಗೆ ಹೇಳಿ: ಕೋಸಂಬರಿ, ಕಾಳಿನ ಉಸಲಿ, ಸೊಪ್ಪಿನ ಪಲ್ಯ ಮೊದಲ ಸಾಲಿನಲ್ಲಿ ಧಾರಾಳವಾಗಿ ಬರಲಿ, ಎರಡನೇ ಸಲವೂ ಬರಲಿ. ಸಿಹಿ ಕೇಳಿದವರಿಗೆ ಬಡಿಸಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ–ಸೊಪ್ಪು, 85 ಗ್ರಾಂ ಬೇಳೆಕಾಳು, 250 ಗ್ರಾಂ ಧಾನ್ಯ ಎಂದಿದೆ. ನಮ್ಮ ಮನೆಗಳಲ್ಲಿ ಧಾನ್ಯದ ಜಾಗಕ್ಕೆ ತರಕಾರಿ, ತರಕಾರಿಯ ಜಾಗಕ್ಕೆ ಧಾನ್ಯ ಕೂತಿದೆ. ಹುರುಳಿ ಸಾರು, ಬಸ್ಸಾರು, ಮೊಳಕೆ ಕಟ್ಟಿದ ಹೆಸರುಕಾಳು, ಎಣಗಾಯಿಯ ಜೊತೆ ಜೋಳದ ರೊಟ್ಟಿ: ಇದಕ್ಕಾಗಿ ವಿದೇಶಿ ಹಣ್ಣಿನ ಪೌಡರ್ ಕೊಳ್ಳಬೇಕಾಗಿಲ್ಲ. ಮುದ್ದೆಯೂ ಪಿಷ್ಟವೇ ಎಂಬುದನ್ನು ಮಾತ್ರ ಮರೆಯಬೇಡಿ. ‘ರಾಗಿ, ಎಷ್ಟು ತಿಂದರೂ ಶುಗರ್ ಏರಲ್ಲ’ ಎನ್ನುವವರು ಗ್ಲುಕೋಮೀಟರ್ ಇಟ್ಟುಕೊಂಡು ಹೇಳಲಿ. ದರ್ಜಿಯ ಟೇಪು ತೆಗೆದು ಮನೆಯವರೆಲ್ಲರ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದ್ದರೆ ಊಟ, ನಡಿಗೆ ಎರಡರ ಲೆಕ್ಕವನ್ನೂ ಶುರು ಮಾಡಬೇಕು.

ಊಟವಾದ ಮೇಲಿನ ತಾಂಬೂಲದ ತಟ್ಟೆಯ, ತಂಬಾಕಿನ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ. ಬೀಡಿ–ಸಿಗರೇಟು ಸೇದುವವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು. ಅದು ಶ್ವಾಸಕೋಶದ ಮಾತು ಎಂದು ಜನ ತಿಳಿದಿದ್ದಾರೆ. ಹೊಗೆಯ ವಿಷ ರಕ್ತದ ಜೊತೆ ಎಲ್ಲ ಕಡೆ ಹೋಗುತ್ತದೆ. ಜಗಿಯುವ ಹೊಗೆಸೊಪ್ಪು ಬಾಯಿಗೆ ಮಾತ್ರ ಕೇಡು ಎಂಬ ನಂಬಿಕೆಯನ್ನೂ ಬಿಡಿ. ಜಗಿಯುವ ತಂಬಾಕಿನಿಂದ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಹೇಳಿದೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಅಂಗಡಿಯವನು ಜೋಡಿಯಾಗಿ ಕೊಡುತ್ತಾನೆ, ಅಂಗೈಯಲ್ಲಿ ಎರಡೂ ಒಂದಾಗುತ್ತವೆ. ಯಾವ ಎಣ್ಣೆ ಎಂದು ಹೆಂಡತಿಯನ್ನು ಕೇಳುವ ಮೊದಲು ನಿಮ್ಮ ಜೇಬು ನೋಡಿಕೊಳ್ಳಿ. ತಾಂಬೂಲದ ತಟ್ಟೆಯಲ್ಲಿ ಎಲೆ, ಅಡಿಕೆ ಇರಲಿ ಎನ್ನಲೂ ನನಗೆ ಮನಸ್ಸಿಲ್ಲ, ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ. ಹೊಗೆಸೊಪ್ಪನ್ನಂತೂ ಇಡಲೇಬೇಡಿ.

ಕುಡಿತದ ವಿಷಯದಲ್ಲಿ ದಿನಾ ಮೂರಕ್ಕಿಂತ ಹೆಚ್ಚು ಪೆಗ್ ಏರಿಸುವವರಿಗೆ ಅಪಾಯ ಎಂಬುದು ಹಳೆಯ ತಿಳಿವಳಿಕೆ. ವರ್ಷಗಟ್ಟಲೆ ಕುಡಿದು ಪ್ಯಾಂಕ್ರಿಯಾಸ್ ಊದಿ ಗಾಯವಾಗಿ ಒಣಗಿಹೋದವರ ಅಪಾಯ ಅದಕ್ಕಿಂತ ದೊಡ್ಡದು. ‘ಕಂಪನಿ ಕೊಡಪ್ಪ’ ಎಂದು ಯಾರನ್ನೂ ಎಳೆಯಬೇಡಿ.

ಇಷ್ಟೆಲ್ಲ ಪಾಲಿಸಿದವರಿಗೂ ಈ ಕಾಯಿಲೆ ಬಂದದ್ದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಐದಕ್ಕೆ ಎದ್ದು ನಡೆಯುತ್ತಿದ್ದ, ಒಂದು ದುರಭ್ಯಾಸವೂ ಇಲ್ಲದ ಮೇಷ್ಟರು. ಮನೆಯ ಊಟ ಬಿಟ್ಟು ಬೇರೆ ಕಾಣದ ಅಜ್ಜಿ. ನೂರರಲ್ಲಿ ಹತ್ತರಷ್ಟು ಮಂದಿಗೆ ಇದು ವಂಶದ ಎಳೆಯಿಂದ ಬರುತ್ತದೆ. ಸ್ತನ ಕ್ಯಾನ್ಸರಿನ ಜೊತೆ ಹೆಸರು ಕೇಳಿಬರುವ ಬ್ರಾಕಾ2 ಜೀನೂ ಅದರಲ್ಲಿ ಸೇರಿದೆ. ಇನ್ನುಳಿದವರಲ್ಲಿ ಎಷ್ಟೋ ಜನರಿಗೆ ಕಾರಣವೆಂದು ಬೊಟ್ಟು ಮಾಡಲು ಏನೂ ಸಿಗುವುದಿಲ್ಲ. ಅಂಥವರ ಹಾಸಿಗೆಯ ಪಕ್ಕದಲ್ಲಿ ನಿಂತು ಕಾರಣ ಹುಡುಕುವುದು ಕ್ರೌರ್ಯ, ಕೇಳುವವರ ಮನಸ್ಸಿನಲ್ಲಿ ಕ್ರೌರ್ಯ ಇಲ್ಲದಿದ್ದರೂ.

ನೆಂಟರಾದ ನೀವು ನಿಜಕ್ಕೂ ಜೀವ ಉಳಿಸಬಹುದಾದ ಒಂದು ಜಾಗವಿದೆ. ಐವತ್ತು ದಾಟಿದವರೊಬ್ಬರು ಮದುವೆ ಮನೆಯಲ್ಲಿ ಸಿಗುತ್ತಾರೆ, ಶರ್ಟು ಜೋಲಾಡುತ್ತಿರುತ್ತದೆ. ‘ಏನ್ ಭಾವ, ಸಖತ್ ಸಣ್ಣಗಾಗ್ಬಿಟ್ರಿ! ಯಾವ ಡಯಟ್ಟು?’ ಎಂದು ಬೆನ್ನು ತಟ್ಟುತ್ತೀರಿ. ‘ಶುಗರ್ ಬಂತಲ್ಲ, ಅದಕ್ಕೆ’ ಎನ್ನುತ್ತಾರೆ ಅವರು. ಅಲ್ಲಿ ನಿಲ್ಲಿ. ಶುಗರ್ ಹೊಸದಾಗಿ ಬಂದಿದೆ, ಮನೆಯಲ್ಲಿ ಯಾರಿಗೂ ಇರಲಿಲ್ಲ, ಪ್ರಯತ್ನಪಡದೆಯೇ ತೂಕ ಇಳಿಯುತ್ತಿದೆ ಎಂದರೆ ಅದು ಹೊಗಳುವ ಹೊತ್ತಲ್ಲ. ಮದ್ರಾಸಿನ ಅಧ್ಯಯನದ ಅದೇ ಸುರೇಶ್ ಚಾರಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದಾಗ, 2005ರಲ್ಲಿ, ಐವತ್ತರ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಮೂರು ವರ್ಷದೊಳಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾಯಿತೆಂದು ತೋರಿಸಿದರು. ಗೆಡ್ಡೆಯೇ ಸಕ್ಕರೆಯನ್ನು ಏರಿಸಿರುತ್ತದೆ. ನೂರರಲ್ಲಿ 99 ಮಂದಿಗೆ ಅದು ಬರೀ ಸಕ್ಕರೆ ಕಾಯಿಲೆಯೇ, ಗಾಬರಿ ಹುಟ್ಟಿಸಬೇಡಿ. ‘ತೂಕ ಯಾಕೆ ಇಳೀತಿದೆ ಅಂತ ಡಾಕ್ಟರಿಗೆ ಹೇಳಿದ್ರಾ? ಸ್ಕ್ಯಾನ್ ಬೇಕಾ ಅಂತ ಒಂದ್ಸಲ ಕೇಳಿ’ ಎಂದರೆ ಸಾಕು. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯುತ್ತಿದೆ, ಮುಂದಕ್ಕೆ ಬಾಗಿ ಕೂತರೆ ಹಗುರ ಎನ್ನುತ್ತಾರೆ; ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ; ನೋವಿಲ್ಲದೆ ಕಣ್ಣು ಹಳದಿಯಾಗಿ ಮೈಯೆಲ್ಲ ತುರಿಕೆ. ಇಂಥದ್ದು ಕಿವಿಗೆ ಬಿದ್ದರೆ ಕಾಮಾಲೆಯ ನಾಟಿ ಔಷಧಕ್ಕೆಂದು ಊರೂರು ಕರೆದುಕೊಂಡು ಹೋಗಬೇಡಿ. ಆ ಅಲೆದಾಟದಲ್ಲಿ ಕಳೆದುಹೋಗುವ ತಿಂಗಳುಗಳೇ ಆಪರೇಷನ್ ಸಾಧ್ಯವಿರುವ ತಿಂಗಳುಗಳು.

ಕೊನೆಯದಾಗಿ ರೋಗಿಯ ಊಟದ ಬಗ್ಗೆ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಾಯಿಲೆ ಬರದಂತೆ ತಡೆಯುವ ಊಟ ಬೇರೆ, ಬಂದ ಮೇಲಿನ ಊಟ ಬೇರೆ. ‘ಸಕ್ಕರೆ ಕೊಟ್ಟರೆ ಕ್ಯಾನ್ಸರಿಗೇ ಉಣಿಸಿದಂತೆ’, ‘ಹಾಲು ಬಿಡಿಸಿ’, ‘ನಲವತ್ತೆಂಟು ದಿನ ಬರೀ ಜ್ಯೂಸ್’ ಎಂದು ಫಾರ್ವರ್ಡ್ ಮಾಡುತ್ತೀರಿ. ಈ ಕ್ಯಾನ್ಸರಿನಲ್ಲಿ ಮೈ ಕರಗುವಷ್ಟು ಬೇರೆ ಯಾವುದರಲ್ಲೂ ಕರಗಿದ್ದನ್ನು ನಾನು ಕಂಡಿಲ್ಲ. ತೂಕ ಉಳಿಸಿಕೊಂಡವರು ಕೀಮೋ ತಡೆದುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಮೊಸರನ್ನ, ಬೇಯಿಸಿದ ಮೊಟ್ಟೆ, ಬೇಳೆ ಕಟ್ಟು, ಇಡ್ಲಿ, ಮೆತ್ತಗಿನ ಮೀನು, ಹಿಡಿಸಿದರೆ ಒಂದು ಚಮಚ ತುಪ್ಪ. ಜೀರ್ಣರಸ ಸಾಲದವರಿಗೆ ಡಾಕ್ಟರು ಎಂಜೈಮ್ ಕ್ಯಾಪ್ಸೂಲ್ ಬರೆದುಕೊಡುತ್ತಾರೆ; ಅದನ್ನು ಊಟದ ಜೊತೆಯಲ್ಲೇ ನುಂಗಬೇಕು, ಊಟ ಮುಗಿದು ಗಂಟೆಯಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಕ್ಯಾಪ್ಸೂಲ್ ಸರಿಯಾಗಿ ತೆಗೆದುಕೊಂಡರೆ ‘ಜಿಡ್ಡು ಮುಟ್ಟಬಾರದು’ ಎಂದು ಪಥ್ಯ ಹಿಡಿಯುವ ಅಗತ್ಯ ಬಹಳ ಮಂದಿಗೆ ಬೀಳುವುದಿಲ್ಲ. ಕಷಾಯ, ಭಸ್ಮ, ಪುಡಿಗಳನ್ನು ಕೀಮೋ ಕೊಡುವ ಡಾಕ್ಟರಿಗೆ ತಿಳಿಸದೆ ಕೊಡಬೇಡಿ.

ಬರುವಾಗ ಹಣ್ಣಿನ ಬುಟ್ಟಿ ತರಲೇಬೇಕೆಂದಿಲ್ಲ, ವಾರ್ಡಿನಲ್ಲಿ ಅವು ಕೊಳೆಯುವುದನ್ನು ನೋಡಿದ್ದೇನೆ. ಮೊದಲೇ ಫೋನ್ ಮಾಡಿ, ಏನು ಬೇಕೆಂದು ಕೇಳಿ. ಆಯುಷ್ಮಾನ್ ಕಾರ್ಡಿನ ಕಾಗದ ಹಿಡಿದು ಕೌಂಟರಿನಿಂದ ಕೌಂಟರಿಗೆ ಓಡಾಡಲು ಒಬ್ಬರು ಬೇಕಿರುತ್ತದೆ. ಸ್ಕ್ಯಾನಿಂಗಿನ ಸರದಿಯಲ್ಲಿ ನಿಲ್ಲಲು ಒಬ್ಬರು, ಊರಿನಲ್ಲಿ ಹಸುವಿಗೆ ಹುಲ್ಲು ಹಾಕಲು, ಮಕ್ಕಳನ್ನು ಶಾಲೆಗೆ ಕಳಿಸಲು ಒಬ್ಬರು. ನೀವು ನಾಲ್ಕು ಜನ ಬಂದಿದ್ದರೆ ಇಬ್ಬರು ಅಷ್ಟು ಮಾಡಿ. ಉಳಿದಿಬ್ಬರಲ್ಲಿ ಒಬ್ಬರು ಒಂದು ರಾತ್ರಿ ರೋಗಿಯ ಬಳಿ ಕೂತು, ಮನೆಯಾಕೆಯನ್ನು ನಿದ್ದೆಗೆ ಕಳಿಸಿ. ಆಕೆ ಅಡುಗೆಯ ಬಗ್ಗೆ ತಾನಾಗಿಯೇ ಕೇಳಿದರೆ, ‘ನಿನ್ನಿಂದ ಏನೂ ಆಗಿಲ್ಲ ತಾಯಿ’ ಎಂದು ಹೇಳಿ.

ಇಷ್ಟನ್ನು ನಡೆಸಿಕೊಡುವಿರೆಂದು ನಂಬಿರುತ್ತೇನೆ. ಮಾತಿನಲ್ಲಿ ಒರಟುತನ ಕಂಡಿದ್ದರೆ ಹಿರಿಯರು ಕ್ಷಮಿಸಬೇಕು.


ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡಯಟೀಷಿಯನ್
ಮೈಸೂರು